ಬೀಗ ಹಾಕಿದ ವಿಮಾನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿಕೊಂಡಾಗ, ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ನೆಲ, ಮಳೆಗಾಲದಲ್ಲಿ ತೋಡು ದಾಟಿ ಬರುತ್ತಿದ್ದ ಮಕ್ಕಳು ಇವುಗಳ ಕುರಿತೇ ನಾನು ಬರೆಯುವೆನೆಂದು ಅವರು ಎಣಿಸಿರಬೇಕು. ಅದನ್ನೆಲ್ಲ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬರೆದಾಗಿದೆ. ಹೇಳಿದ್ದನ್ನೇ ಹೇಳಿದರೆ ಹಳೆಯ ವಿದ್ಯಾರ್ಥಿಗಳು ಮೊದಲಿನಂತೆ ಕೈಕಟ್ಟಿ ಕೇಳಲಾರರು.

ಆದುದರಿಂದ ಈ ಸಲ ನಾನು ಬರೆಯಹೊರಟಿರುವುದು ಒಂದು ವಿಮಾನದ ಕುರಿತು. ನಿಜವಾದ ವಿಮಾನವಲ್ಲ, ಕಂಪ್ಯೂಟರಿನೊಳಗೆ ಹಾರುವ ವಿಮಾನ. ಅದಕ್ಕೂ ನಮ್ಮ ಶಾಲೆಗೂ ಏನು ಸಂಬಂಧವೆಂದು ಕೇಳುವವರು ದಯವಿಟ್ಟು ತುಸು ತಾಳ್ಮೆ ವಹಿಸಬೇಕು. 1967ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಆ ಬಳಿಕ ಅಧ್ಯಾಪಕ ತರಬೇತಿ ಪಡೆದದ್ದಷ್ಟೇ ವಿದ್ಯೆಯಾಗಿರುವ ಈ ಮುದುಕನಿಗೆ ಕಂಪ್ಯೂಟರಿನ ವಿಷಯ ಬರೆಯಲು ಅಧಿಕಾರವೇನು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ನನಗೆ ಕಲಿಸಿದವನು ನನ್ನ ಮಗಳ ಮಗ. ಅವನೂ ಇದೇ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು, ಈಗ ಪಾಲಿಟೆಕ್ನಿಕ್ಕಿನಲ್ಲಿದ್ದಾನೆ. ಹಾಗಾಗಿ ಕಲಿಸಿದವನೂ ನಮ್ಮ ಶಾಲೆಯವನೇ, ಕಲಿತವನೂ ನಮ್ಮ ಶಾಲೆಯವನೇ.

ಆ ಆಟದ ಹೆಸರು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಆಟವೆಂದು ಕರೆದರೂ ಅದರಲ್ಲಿ ಸೋಲು ಗೆಲುವುಗಳಿಲ್ಲ. ವಿಮಾನವನ್ನು ಏರಿಸಬೇಕು, ನಡೆಸಬೇಕು, ಇಳಿಸಬೇಕು, ಅಷ್ಟೇ. ಇದರ ಮೊದಲ ಆವೃತ್ತಿ 1982ರಲ್ಲಿ ಬಂತು. ನನ್ನ ಮೊಮ್ಮಗನ ಬಳಿ ಇರುವುದು 2020ರ ಆಗಸ್ಟ್ 18ರಂದು ಬಿಡುಗಡೆಯಾದ ಆವೃತ್ತಿ. ಅದನ್ನು ಸಿದ್ಧಪಡಿಸಿದ್ದು ಫ್ರಾನ್ಸ್ ದೇಶದ ಬೋರ್ಡೋ ನಗರದ ಅಸೋಬೋ ಸ್ಟುಡಿಯೋ. ಉಪಗ್ರಹ ಚಿತ್ರಗಳನ್ನು ಆಧರಿಸಿ ಇಡೀ ಭೂಮಂಡಲವನ್ನೇ ಅದರಲ್ಲಿ ಹಾಸಿದ್ದಾರೆ. ವಿಮಾನ ನಿಲ್ದಾಣಗಳೇ 37,000. ಚಂದ್ರಗಿರಿ ಹೊಳೆ ಸಮುದ್ರವನ್ನು ಸೇರುವ ಅಳಿವೆಯನ್ನೂ ಬೇಕಲದ ಕೋಟೆಯಿರುವ ಭೂಶಿರವನ್ನೂ ನಾನು ಜೀವನದಲ್ಲಿ ಮೊದಲ ಬಾರಿಗೆ ಆಕಾಶದಿಂದ ನೋಡಿದ್ದು ಹಾಗೆ. ಐದನೆಯ ತರಗತಿಗೆ ಜಿಲ್ಲೆಯ ನಕ್ಷೆಯನ್ನು ಕರಿಹಲಗೆಯ ಮೇಲೆ ಬರೆದುಕೊಂಡೇ ಬಂದವನು ನಾನು. ಹೊಳೆಯ ತಿರುವನ್ನು ಅಷ್ಟು ವರ್ಷ ತಪ್ಪಾಗಿ ಬರೆದಿದ್ದೆನೆಂದು ಅಂದು ತಿಳಿಯಿತು. ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.

ಆ ಆಟವನ್ನು ಮೂರು ದರ್ಜೆಗಳಲ್ಲಿ ಮಾರಾಟಕ್ಕಿಟ್ಟಿದ್ದರು. ಸಾಮಾನ್ಯ ದರ್ಜೆಯಲ್ಲಿ 20 ವಿಮಾನಗಳು, ಡೀಲಕ್ಸಿನಲ್ಲಿ 25, ಪ್ರೀಮಿಯಂ ಡೀಲಕ್ಸಿನಲ್ಲಿ 30. ಅಮೆರಿಕದಲ್ಲಿ ಕ್ರಮವಾಗಿ 60, 90, 120 ಡಾಲರುಗಳಿಗೆ ಒಂದೊಂದು ಸೆಂಟು ಕಡಿಮೆ. ಅಂಗಡಿಯವರ ಲೆಕ್ಕ ಎಲ್ಲ ಊರಿನಲ್ಲೂ ಒಂದೇ. ಮೊಮ್ಮಗ ಮೊದಲು ಸಾಮಾನ್ಯ ದರ್ಜೆಯನ್ನು ಕೊಂಡುಕೊಂಡಿದ್ದ.

ಅದರಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನವಿದೆ. ಒಂದು ದಿನ ಅವನು, "ಅಜ್ಜ, ನಿಮಗೊಂದು ವಿಷಯ ತೋರಿಸುತ್ತೇನೆ" ಎಂದು ಆ ವಿಮಾನದ ಫೈಲುಗಳಿರುವ ಜಾಗವನ್ನು ತೆರೆದ. ಒಂದರಲ್ಲಿ ವಿಮಾನದ ಹೆಸರು ಮತ್ತು ಬಣ್ಣದ ವಿವರ, ಇನ್ನೊಂದರಲ್ಲಿ ಎಂಜಿನ್, ಮತ್ತೊಂದರಲ್ಲಿ ಹಾರಾಟದ ಲೆಕ್ಕಾಚಾರ. ಎಲ್ಲವೂ ಸಾದಾ ಅಕ್ಷರಗಳಲ್ಲಿ, ಸಾಲು ಸಾಲಾಗಿ. ಎಡಕ್ಕೆ ಹೆಸರು, ನಡುವೆ ಸಮಚಿಹ್ನೆ, ಬಲಕ್ಕೆ ಸಂಖ್ಯೆ, ಕೆಲವೆಡೆ ಪಕ್ಕದಲ್ಲಿ ಚಿಕ್ಕದೊಂದು ವಿವರಣೆ. ಖಾಲಿ ತೂಕ ಇಷ್ಟು, ಗರಿಷ್ಠ ತೂಕ ಇಷ್ಟು, ರೆಕ್ಕೆಯ ಅಗಲ ಇಷ್ಟು. ಗಣಿತದ ಪುಸ್ತಕದಂತೆಯೇ ಇತ್ತು. ನನಗೆ ಓದಲು ಬರುತ್ತಿತ್ತು ಎಂಬುದೇ ನನಗಾದ ಮೊದಲ ಆಶ್ಚರ್ಯ. ವಿಮಾನವೆಂದರೆ ಅದರೊಳಗೆ ಯಾವುದೋ ಮಾಯಾವಿದ್ಯೆ ಇರಬಹುದೆಂದು ಎಣಿಸಿದ್ದೆ. ಇದ್ದದ್ದು ಸಂಖ್ಯೆಗಳು.

"ನೀವೇ ಒಂದನ್ನು ಬದಲಿಸಿ ನೋಡಿ" ಎಂದ. ಮೂಲದ ಪ್ರತಿಯೊಂದನ್ನು ತೆಗೆದು ಬೇರೆಡೆ ಇಟ್ಟು, ನಾನು ಖಾಲಿ ತೂಕವನ್ನು ಮೂರು ಪಟ್ಟು ಮಾಡಿದೆ. ನಿಜವಾದ ಸೆಸ್ನಾ 172ರ ಖಾಲಿ ತೂಕ 1,600 ಪೌಂಡಿಗಿಂತ ತುಸು ಹೆಚ್ಚು, ಹೊರೆಯೆಲ್ಲ ಸೇರಿ 2,550 ಪೌಂಡಿನ ಆಸುಪಾಸು. ನಾನು ಅದನ್ನು 5,000ಕ್ಕೆ ಏರಿಸಿದ್ದೆ. ಬಜ್ಪೆಯ ನಿಲ್ದಾಣದಲ್ಲಿ ವಿಮಾನವನ್ನು ನಿಲ್ಲಿಸಿ ಎಂಜಿನನ್ನು ಪೂರ್ತಿ ತೆರೆದಾಗ ಅದು ಓಡಿತು, ಓಡಿತು, ಮೂಗು ಎತ್ತಲು ಹೆಣಗಿತು, ಏಳಲಿಲ್ಲ. 2,450 ಮೀಟರು ಉದ್ದದ ರನ್‌ವೇ ಮುಗಿದು ವಿಮಾನ ಅಂಚಿನಿಂದ ಕೆಳಕ್ಕೆ ಜಾರಿತು. ಮೊಮ್ಮಗ ನಕ್ಕ. ನಾನು ನಗಲಾರದೆ ಹೋದೆ.

ಕಾರಣವನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಅದೇ ಗುಡ್ಡದ ಅಂಚಿನಿಂದ ಕೆಳಗುರುಳಿ 158 ಮಂದಿ ತೀರಿಹೋದರು, ಬದುಕಿದವರು 8 ಮಂದಿ. ಕಾಸರಗೋಡಿನ ಎಷ್ಟು ಮನೆಗಳಲ್ಲಿ ಅಂದು ಒಲೆ ಉರಿಯಲಿಲ್ಲ ಎಂಬುದು ನಮಗೆ ಗೊತ್ತು. ಮೊಮ್ಮಗ ಆಗ ಎಳೆಗೂಸು. ನಾನು ಅವನಿಗೆ ಅದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಯಾಕೆ ಹಾಗಾಯಿತೆಂದು ಗೊತ್ತಾಯಿತಾ ಅಜ್ಜ?" ಎಂದು ಕೇಳಿದ. ಗೊತ್ತಾಯಿತು. ಸುಟ್ಟ ವಿಮಾನದ ಕಪ್ಪುಪೆಟ್ಟಿಗೆಗಳನ್ನು ಹುಡುಕಿ ತೆಗೆದು, ಬಿಚ್ಚಿ, ಓದಿದರು. ಸರಿಯಾಗಿ ಹೊಂದಿಕೊಳ್ಳದ ಇಳಿತವನ್ನು ಮುಖ್ಯ ಚಾಲಕ ಕೈಬಿಡಲಿಲ್ಲ, ಮತ್ತೆ ಮೇಲೇರೋಣವೆಂದು ಸಹಚಾಲಕ ಮೂರು ಬಾರಿ ಹೇಳಿದ್ದ ಎಂಬುದನ್ನು ತನಿಖೆಯ ವರದಿ ಬಹಿರಂಗವಾಗಿ ತಿಳಿಸಿತು. ಆ ಪೆಟ್ಟಿಗೆಯನ್ನು ಅಷ್ಟು ಗಟ್ಟಿಯಾಗಿ ಮಾಡುವುದು ಮುಚ್ಚಿಡಲಿಕ್ಕಲ್ಲ, ಬಿಚ್ಚಲಿಕ್ಕೆ.

ಆ ದಿನದಿಂದ ಅವನ ಫೈಲುಗಳಲ್ಲಿ ನನಗೂ ಆಸಕ್ತಿ ಹುಟ್ಟಿತು. ಸಂಖ್ಯೆಯನ್ನು ಬದಲಿಸುವುದು, ಹಾರಿಸಿ ನೋಡುವುದು, ಮತ್ತೆ ಬದಲಿಸುವುದು ನಡೆಯಿತು. ಮೂಲದ ಫೈಲನ್ನು ಕೆಡಿಸದೆ ಇದನ್ನು ಮಾಡುವ ಕ್ರಮವೊಂದಿದೆ. ಕಮ್ಯುನಿಟಿ ಎಂಬ ಫೋಲ್ಡರಿನಲ್ಲಿ ಅದೇ ಹೆಸರಿನ ಹೊಸ ಫೈಲನ್ನು ಅದೇ ದಾರಿಯಲ್ಲಿಟ್ಟರೆ, ಆಟವು ಮೂಲವನ್ನು ಬಿಟ್ಟು ಹೊಸದನ್ನು ಎತ್ತಿಕೊಳ್ಳುತ್ತದೆ. ಜತೆಗೆ ಲೇಔಟ್ ಎಂಬ ಪಟ್ಟಿಯಲ್ಲಿ ಆ ಫೈಲಿನ ಹೆಸರೂ ಗಾತ್ರವೂ ನಮೂದಾಗಿರಬೇಕು. ಇಲ್ಲವಾದರೆ ಫೈಲು ಎದುರಿಗೇ ಇದ್ದರೂ ಆಟಕ್ಕೆ ಕಾಣುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನಿಗೆ ಮಧ್ಯಾಹ್ನದ ಗಂಜಿಯ ಲೆಕ್ಕ ಸಿಗದಿದ್ದಂತೆ ಎಂದು ನಾನು ಹೇಳಿದಾಗ ಮೊಮ್ಮಗನಿಗೆ ಬಹಳ ಖುಷಿಯಾಯಿತು.

ಕಳೆದ ವರ್ಷ ಅವನು ತನ್ನ ವಿದ್ಯಾರ್ಥಿವೇತನಕ್ಕೆ ಸೋದರಮಾವ ಕೊಟ್ಟದ್ದನ್ನೂ ಸೇರಿಸಿ ಪ್ರೀಮಿಯಂ ಡೀಲಕ್ಸ್ ದರ್ಜೆಗೆ ಏರಿದ. ಅದರಲ್ಲಿ ಬೋಯಿಂಗ್ 787 ಇದೆ, ಇನ್ನೂ ಕೆಲವಿವೆ. ಅವನ ಕಣ್ಣು ಇದ್ದದ್ದು ಸಿರಸ್ ಎಸ್‌ಆರ್ 22ರ ಮೇಲೆ. ನಾಲ್ಕು ಜನ ಕೂರುವ ಒಂಟಿ ಎಂಜಿನಿನ ವಿಮಾನ ಅದು. ಇಡೀ ವಿಮಾನವನ್ನೇ ತೂಗಿ ಇಳಿಸುವ ಪ್ಯಾರಾಷೂಟ್ ಅದರೊಳಗಿದೆ. ಶಾಲೆಯ ಸುವರ್ಣ ಮಹೋತ್ಸವಕ್ಕೆ ಆ ವಿಮಾನದ ಮೈಮೇಲೆ ಶಾಲೆಯ ಹೆಸರನ್ನು ಕನ್ನಡದಲ್ಲಿ ಬರೆದು, ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳೆದುರು ಶಾಲೆಯ ಮೇಲೆಯೇ ಹಾರಿಸಿ ತೋರಿಸಬೇಕೆಂಬುದು ಅವನ ಆಸೆ. ನಾನೂ ಒಪ್ಪಿದೆ. ರಜೆಯಲ್ಲಿ ಇಬ್ಬರೂ ಕುಳಿತೆವು.

ಫೋಲ್ಡರು ತೆರೆಯಿತು. ಒಳಗೆ ಸಾಲು ಸಾಲು ಫೈಲುಗಳಿರಲಿಲ್ಲ. ಫೈಲುಗಳನ್ನೆಲ್ಲ ಒಂದು ಮೂಟೆಯಾಗಿ ಕಟ್ಟಿದ್ದರು. ಅದನ್ನು ಬಿಚ್ಚಿ ನೋಡಿದರೆ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು, ಯಾವ ಭಾಷೆಯದೂ ಅಲ್ಲದ ಅಕ್ಷರಗಳು. "ಇದು ಎನ್‌ಕ್ರಿಪ್ಟ್ ಮಾಡಿದ್ದು ಅಜ್ಜ, ಓದಲಾಗುವುದಿಲ್ಲ" ಎಂದ.

ಎನ್‌ಕ್ರಿಪ್ಟ್ ಎಂದರೆ ಗೂಢಲಿಪಿಗೆ ಇಳಿಸುವುದು. ವರ್ಣಮಾಲೆಯಲ್ಲಿ ಪ್ರತಿ ವ್ಯಂಜನದ ಬದಲು ಅದರ ಮುಂದಿನದನ್ನು ಬರೆಯಬೇಕೆಂದು ಇಬ್ಬರು ಗುಟ್ಟಾಗಿ ಗೊತ್ತುಮಾಡಿಕೊಂಡರೆ 'ಕಮಲ'ವು 'ಖಯವ' ಆಗುತ್ತದೆ. ಗುಟ್ಟು ತಿಳಿದವನಿಗೆ ಕಮಲ, ತಿಳಿಯದವನಿಗೆ ಹುಚ್ಚುಮಾತು. ಇದು ಮಕ್ಕಳಾಟದ ಬೀಗ. ಕಂಪ್ಯೂಟರಿನವರ ಬೀಗವನ್ನು ಊಹೆಯಿಂದ ತೆರೆಯಲು ಆಯುಷ್ಯ ಸಾಲದು. ಆದರೆ ಇದರಲ್ಲೊಂದು ವಿಚಿತ್ರವಿದೆ. ವಿಮಾನ ಹಾರಬೇಕಾದರೆ ಆಟವೇ ಆ ಮೂಟೆಯನ್ನು ಬಿಚ್ಚಿ ಓದಲೇಬೇಕಲ್ಲ? ಅಂದರೆ ಬೀಗವಿರುವ ಮನೆಯೊಳಗೇ ಬೀಗದಕೈಯೂ ಇದೆ, ಮನೆಯ ಯಜಮಾನನಿಗೆ ಮಾತ್ರ ಅದು ಎಲ್ಲಿದೆಯೆಂದು ಹೇಳುವುದಿಲ್ಲ, ಅಷ್ಟೇ. ಹೊಸ ಫೈಲನ್ನು ಮೂಲದ ಮೇಲೆ ಹೊದಿಸುವ ದಾರಿ ಇಲ್ಲಿಯೂ ತೆರೆದೇ ಇತ್ತು. ಆದರೆ ಮೂಲದಲ್ಲಿ ಏನಿದೆಯೆಂದು ತಿಳಿಯದೆ ಹೊಸದನ್ನು ಬರೆಯುವುದು, ಓದಲಾಗದ ಕಾಗದಕ್ಕೆ ಉತ್ತರ ಬರೆದಂತೆ.

ಬೀಗ ಹಾಕಿದವರ ಮೇಲೆ ನಾನು ದೂರು ಹೇಳುತ್ತಿಲ್ಲ. ಒಂದು ವಿಮಾನದ ಒಳಹೊರಗನ್ನು ಮೊಳೆ ಮೊಳೆಯಾಗಿ ಬಿಡಿಸಲು ಕಲಾವಿದರು ತಿಂಗಳುಗಟ್ಟಲೆ ದುಡಿದಿರುತ್ತಾರೆ. ತೆರೆದಿಟ್ಟರೆ ಕಾಸು ಕೊಡದವನೂ ಒಯ್ಯುತ್ತಾನೆ. ನಾನೂ ಬೀಗ ಹಾಕಿದವನೇ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕಟ್ಟು ಅರಗಿನ ಮುದ್ರೆಯೊಂದಿಗೆ ಬರುತ್ತಿತ್ತು. ಕನ್ನಡದ ಕಟ್ಟು ಕೆಲವೊಮ್ಮೆ ಎಲ್ಲರಿಗಿಂತ ಕೊನೆಗೆ ತಲುಪುತ್ತಿತ್ತೆಂಬುದು ಬೇರೆ ಮಾತು. ಆ ಕಟ್ಟನ್ನು ಕಪಾಟಿನಲ್ಲಿಟ್ಟು, ಬೀಗದಕೈಯನ್ನು ಜನಿವಾರದಂತೆ ಮೈಮೇಲೆಯೇ ಇಟ್ಟುಕೊಂಡು ಮಲಗಿದವನು ನಾನು. ಆದರೆ ಆ ಮುದ್ರೆಗೊಂದು ಗಂಟೆಯಿತ್ತು. ಹೊತ್ತಾಗುತ್ತಲೇ ಇಬ್ಬರು ಸಾಕ್ಷಿಗಳೆದುರು ಅರಗನ್ನು ಮುರಿದು, ಯಾರಿಗಾಗಿ ಅದು ಬಂದಿತ್ತೋ ಅವರ ಕೈಗೆ ಹಂಚುತ್ತಿದ್ದೆವು. ಹಣ ಕೊಟ್ಟವನ ಮನೆಯಲ್ಲಿಯೇ ಇದ್ದು, ಅವನಿಗಾಗಿ ಎಂದೂ ಗಂಟೆ ಬಾರಿಸದ ಮುದ್ರೆ ಬೇರೆ ಜಾತಿಯದು. ಕನ್ನಡದ ತರಗತಿಗೆ ಕನ್ನಡವರಿಯದ ಅಧ್ಯಾಪಕರು ನೇಮಕವಾಗಿ ಬಂದ ದಿನಗಳನ್ನು ಕಂಡ ಈ ಗಡಿನಾಡಿನ ತಂದೆತಾಯಿಗಳಿಗೆ, ಪುಸ್ತಕ ಕೈಯಲ್ಲಿದ್ದೂ ಮಗುವಿಗೆ ಅದು ತೆರೆಯದಿರುವುದು ಎಂದರೇನೆಂದು ಗೊತ್ತಿದೆ.

ಮೊಮ್ಮಗ ಹೇಳಿದ ಇನ್ನೊಂದು ವಿಷಯವನ್ನು ಇಲ್ಲಿ ಬರೆಯಲೇಬೇಕು. ಸಾಮಾನ್ಯ ದರ್ಜೆಯ ಏರ್‌ಬಸ್ ಎ320 ನಿಯೋ ವಿಮಾನದ ಫೈಲುಗಳು ತೆರೆದಿದ್ದವು. ಅದರಲ್ಲಿ ಕೊರತೆಗಳು ಬಹಳ. ಜಗತ್ತಿನ ಬೇರೆ ಬೇರೆ ಮೂಲೆಗಳ ಹವ್ಯಾಸಿಗಳು 2020ರಲ್ಲೇ ಫ್ಲೈ ಬೈ ವೈರ್ ಎಂಬ ಹೆಸರಿನಲ್ಲಿ ಒಟ್ಟುಗೂಡಿ, ಯಾರಿಂದಲೂ ಬೆಲೆ ತೆಗೆದುಕೊಳ್ಳದೆ, ತಾವು ಬರೆದದ್ದನ್ನೂ ಎಲ್ಲರಿಗೂ ತೆರೆದಿಟ್ಟು ಅದನ್ನು ತಿದ್ದಿದರು. ವರ್ಕಿಂಗ್ ಟೈಟಲ್ ಎಂಬ ಮತ್ತೊಂದು ತಂಡವೂ ಹಾಗೆಯೇ ಸಾಮಾನ್ಯ ದರ್ಜೆಯ ವಿಮಾನಗಳ ಉಪಕರಣಗಳನ್ನು ತಿದ್ದುತ್ತಾ ಬೆಳೆಯಿತು. 2021ರಲ್ಲಿ ಮೈಕ್ರೋಸಾಫ್ಟಿನವರೇ ಆ ತಂಡವನ್ನು ಕರೆದು ಜತೆ ಸೇರಿಸಿಕೊಂಡರು. ಬೀಗದೊಳಗಿದ್ದ ಬೋಯಿಂಗ್ 787ರ ಉಪಕರಣಗಳನ್ನು 2023ರ ಜೂನ್ ತಿಂಗಳಲ್ಲಿ ಹೊಸದಾಗಿ ಮಾಡಿಕೊಟ್ಟವರು ಅವರೇ. ತೆರೆದ ಫೈಲಿನಲ್ಲಿ ಕಲಿತ ಕೈಗಳೇ ಮುಚ್ಚಿದ್ದನ್ನು ರಿಪೇರಿ ಮಾಡಬೇಕಾಯಿತು, ಅದೂ ಆಟ ಬಂದು ಮೂರು ವರ್ಷ ತುಂಬುತ್ತಾ ಬಂದಾಗ. ಎಲ್ಲವನ್ನೂ ಮೊದಲ ದಿನವೇ ಮುಚ್ಚಿದ್ದರೆ ಆ ಹುಡುಗರು ಕಲಿಯುವುದೆಲ್ಲಿ?

ಹೀಗಿರುವಾಗ ಒಂದು ಸಂಜೆ ಮೊಮ್ಮಗ ಮುಖ ಅರಳಿಸಿಕೊಂಡು ಬಂದ. ಅಂತರಜಾಲದಲ್ಲಿ ಯಾರೋ ಅಪರಿಚಿತರು ಆ ವಿಮಾನದ ಬೀಗ ಒಡೆದ ಪ್ರತಿಯನ್ನು ಹಂಚುತ್ತಿದ್ದಾರಂತೆ. ಒಂದು ಗುಂಡಿ ಒತ್ತಿದರೆ ಸಾಕು. "ನಾವು ಹಣ ಕೊಟ್ಟೇ ಕೊಂಡಿದ್ದೇವಲ್ಲ ಅಜ್ಜ, ತಪ್ಪೇನು?" ಎಂದು ಕೇಳಿದ. ಕಾನೂನು ಏನು ಹೇಳುತ್ತದೆಂದು ಇಬ್ಬರೂ ಓದಿದೆವು. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ 65ಎ ಎಂಬ ವಿಧಿ ಸೇರಿದೆ. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ತಾಂತ್ರಿಕ ಬೀಗವನ್ನು ಒಡೆದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ನಮ್ಮ ಉದ್ದೇಶ ಅದಲ್ಲವೆಂದು ಅವನು ವಾದಿಸಿದ. ಅವನ ಉದ್ದೇಶ ಹಾಗಿರಲಿಲ್ಲ ಎಂಬುದು ನಿಜ. ಹಂಚುತ್ತಿದ್ದವನ ಉದ್ದೇಶಕ್ಕೆ ಜಾಮೀನು ಯಾರು? ಅದರೊಳಗೆ ಇನ್ನೇನನ್ನು ತುರುಕಿರುತ್ತಾನೋ, ಆ ಮೂಟೆಯನ್ನು ಶಾಲೆಯ ಕಂಪ್ಯೂಟರಿಗೆ ಹಾಕುವುದೆಂದರೇನು? "ಬೇಡ ಮಾರಾಯ" ಎಂದೆ.

ಬೇಡವೆಂದದ್ದು ಸುಲಭವಾಗಿತ್ತು. ಆದರೆ ಅವನು ತಲೆ ತಗ್ಗಿಸಿ ಎದ್ದುಹೋದದ್ದನ್ನು ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಂಥದೇ ತಗ್ಗಿದ ತಲೆಯೊಂದನ್ನು ನಾನು ಹಿಂದೊಮ್ಮೆ ನೋಡಿದ್ದೆ.

1983ರ ಮಳೆಗಾಲ. ಊರಿನ ಹಿರಿಯರೊಬ್ಬರು ಶಾಲೆಗೆ ಒಂದು ರೇಡಿಯೋ ಕೊಟ್ಟಿದ್ದರು. ಮಂಗಳೂರು ಆಕಾಶವಾಣಿ ಆರಂಭವಾಗಿ ಆಗಿನ್ನೂ ಏಳು ವರ್ಷ ತುಂಬಿರಲಿಲ್ಲ. ತರಗತಿಯೊಳಗೆ ಹೊರಗಿನಿಂದೊಂದು ಕನ್ನಡದ ದನಿ ಬರುತ್ತಿದ್ದುದು ಅದರಿಂದ ಮಾತ್ರ. ಕಪಾಟಿನ ಬೀಗದಕೈ ನನ್ನ ವಶದಲ್ಲಿತ್ತು. ಮಳೆಯ ಥಂಡಿಗೋ ಏನೋ ರೇಡಿಯೋ ಗೊರಗೊರ ಎನ್ನತೊಡಗಿತು. ಒಂದು ಮಧ್ಯಾಹ್ನ ನಾನು ಬಂದು ನೋಡಿದಾಗ ಏಳನೆಯ ತರಗತಿಯ ಹುಡುಗನೊಬ್ಬ ಚಪ್ಪಟೆ ಮಾಡಿದ ಮೊಳೆಯಿಂದ ಅದರ ಹಿಂಬದಿಯ ತಿರುಪುಗಳನ್ನು ಮತ್ತೆ ಬಿಗಿಯುತ್ತಿದ್ದ. ನಾನು ಏನನ್ನೂ ಕೇಳಲಿಲ್ಲ. ಬೆತ್ತ ತೆಗೆದುಕೊಂಡೆ. ನಾಲ್ಕು ಪೆಟ್ಟು. ಬಳಿಕ ಪರೀಕ್ಷೆಯ ಕಟ್ಟಿಗೆಂದು ಉಳಿದಿದ್ದ ಅರಗನ್ನು ಮೇಣದಬತ್ತಿಯಲ್ಲಿ ಕರಗಿಸಿ ನಾಲ್ಕು ತಿರುಪುಗಳ ಮೇಲೂ ತೊಟ್ಟಿಕ್ಕಿ ಶಾಲೆಯ ಮೊಹರನ್ನು ಒತ್ತಿದೆ. ತರಗತಿಯೆಲ್ಲ ನೋಡುತ್ತಿತ್ತು. ಅಂದು ನನಗೆ ಅದು ಶಿಸ್ತಾಗಿ ಕಂಡಿತ್ತು.

ಆ ಹುಡುಗ ಆ ವರ್ಷವೇ ಶಾಲೆ ಬಿಟ್ಟ. ಬೊಂಬಾಯಿಯ ಹೋಟೆಲೊಂದಕ್ಕೆ ಹೋದನೆಂದು ಕೇಳಿದೆ. ಮನೆಯ ಬಡತನದಿಂದ ಹೋದದ್ದು, ನನ್ನ ಪೆಟ್ಟಿನಿಂದಲ್ಲ ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಹಾಗೆ ಮತ್ತೆ ಮತ್ತೆ ಹೇಳಿಕೊಳ್ಳಬೇಕಾಗಿ ಬಂತೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ರೇಡಿಯೋ ಮಾತ್ರ ನನ್ನ ಮುದ್ರೆಯೊಂದಿಗೆ ಕಪಾಟಿನಲ್ಲೇ ಉಳಿಯಿತು. ಅರಗು ಗಟ್ಟಿಯಾಗಿತ್ತು, ದನಿ ಸತ್ತಿತ್ತು. 1991ರಲ್ಲಿ ಕಪಾಟಿಗೆ ಗೆದ್ದಲು ಹಿಡಿದು ಎಲ್ಲವನ್ನೂ ಹೊರಗೆ ಹಾಕಿದಾಗ ನಾನೇ ಮುದ್ರೆಯನ್ನು ಕೆರೆದು ಹಿಂಬದಿಯನ್ನು ತೆಗೆದೆ. ಒಳಗೆ, ಸ್ಪೀಕರಿನ ಬದಿಯಲ್ಲಿ, ನೋಟುಪುಸ್ತಕದ ಒಂದು ಹಾಳೆ ನಾಲ್ಕು ಮಡಿಕೆಯಾಗಿ ಸಿಕ್ಕಿಸಿತ್ತು. ಪೆನ್ಸಿಲಿನಲ್ಲಿ ರೇಡಿಯೋದ ಒಳಗಿನ ಚಿತ್ರ. ಯಾವ ವಯರು ಎಲ್ಲಿಂದ ಎಲ್ಲಿಗೆ, ಯಾವುದರ ಬಣ್ಣ ಯಾವುದು, ಯಾವ ತಿರುಪು ಯಾವ ಮೂಲೆಯದು ಎಂದೆಲ್ಲ ಏಳನೆಯ ತರಗತಿಯ ಗುಂಡು ಅಕ್ಷರಗಳಲ್ಲಿ ಬರೆದಿತ್ತು. ಬಿಚ್ಚುವ ಮೊದಲು ಹುಡುಗ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದ. ಒಂದು ಕಡೆ ವಯರೊಂದು ಕಳಚಿದ್ದ ಜಾಗಕ್ಕೆ ಸುತ್ತು ಹಾಕಿ, "ಇಲ್ಲಿ ಬಿಟ್ಟಿದೆ. ಬೆಸುಗೆ ಬೇಕು" ಎಂದು ಬರೆದಿದ್ದ. ಆ ಹಾಳೆ ಈಗಲೂ ನನ್ನಲ್ಲಿದೆ. ಆಗಿನಿಂದ ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ಹಾಳೆಯನ್ನು ನೆನೆಯುತ್ತಲೇ ಬೆಳಗಿನ ಜಾವದಲ್ಲಿ ಒಂದು ಉಪಾಯ ಹೊಳೆಯಿತು. ವಿಮಾನದ ಮೈಬಣ್ಣವೆಂದರೆ ಕಂಪ್ಯೂಟರಿನಲ್ಲಿ ಒಂದು ಚಪ್ಪಟೆ ಚಿತ್ರ. ಹಣ್ಣಿನ ಸಿಪ್ಪೆಯನ್ನು ಸುಲಿದು ಹರಡಿದಂತೆ ರೆಕ್ಕೆ, ಬಾಲ, ಹೊಟ್ಟೆಗಳನ್ನೆಲ್ಲ ಬಿಡಿಸಿ ಒಂದೇ ಹಾಳೆಯಲ್ಲಿ ಜೋಡಿಸಿರುತ್ತಾರೆ. ಮೂಲ ಹಾಳೆ ಬೀಗದೊಳಗಿದೆ. ಆದರೆ ನಮ್ಮದೊಂದು ಹಾಳೆಯನ್ನು ಹೊದಿಸಲು ಅಡ್ಡಿಯಿಲ್ಲ. ಹೊಸ ಬಣ್ಣದ ವಿಮಾನಕ್ಕೆ, ಉಳಿದದ್ದನ್ನೆಲ್ಲ ಮೂಲ ವಿಮಾನದಿಂದಲೇ ತೆಗೆದುಕೋ ಎಂದು ಒಂದು ಸಾಲಿನಲ್ಲಿ ಸೂಚಿಸಿದರೆ, ಆಟವೇ ಒಳಗಿನಿಂದ ತೆಗೆದುಕೊಳ್ಳುತ್ತದೆ. ಬೀಗವನ್ನು ನಾವು ಮುಟ್ಟಬೇಕಾಗಿಯೇ ಇಲ್ಲ. ಚಿತ್ರದ ಫೈಲಿಗೆ ಯಾವ ಹೆಸರಿಡಬೇಕೆಂಬುದು, ಬೇರೊಬ್ಬರು ಮಾಡಿ ಎಲ್ಲರಿಗೂ ಹಂಚಿದ್ದ ಒಂದೇ ಬಣ್ಣದ ಹೊದಿಕೆಯಿಂದ ಮೊಮ್ಮಗನಿಗೆ ಮೊದಲೇ ತಿಳಿದಿತ್ತು. ತಿಳಿಯದೆ ಇದ್ದದ್ದು ಹಾಳೆಯ ಯಾವ ಜಾಗ ವಿಮಾನದ ಯಾವ ಭಾಗಕ್ಕೆ ಬೀಳುತ್ತದೆ ಎಂಬುದೊಂದೇ. ಅವನು ಅಂದಾಜಿನಲ್ಲಿ ಬರೆದಿದ್ದ ಶಾಲೆಯ ಹೆಸರು ರೆಕ್ಕೆಯ ಅಡಿಯಲ್ಲಿ ತಲೆಕೆಳಗಾಗಿ ಹೋಗಿ ಕುಳಿತಿತ್ತು.

ಪಠ್ಯಪುಸ್ತಕದ ನಕ್ಷೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಲು ನಾವು ಮಾಡುತ್ತಿದ್ದುದೇನು? ಚೌಕಗಳನ್ನು ಹಾಕುತ್ತಿದ್ದೆವು. ನಾನು ಮೊಮ್ಮಗನನ್ನು ಎಬ್ಬಿಸಿದೆ. 4096 ಚುಕ್ಕೆ ಉದ್ದ, ಅಷ್ಟೇ ಅಗಲದ ಹಾಳೆಯನ್ನು 16 ಸಾಲು, 16 ಕಂಬಗಳಾಗಿ ಭಾಗಿಸಿದೆವು. ಸಾಲುಗಳಿಗೆ 'ಕ'ದಿಂದ 'ತ'ದವರೆಗೆ ಹದಿನಾರು ವ್ಯಂಜನಗಳು, ಕಂಬಗಳಿಗೆ 1ರಿಂದ 16. ಒಟ್ಟು 256 ಚೌಕಗಳು, ಪ್ರತಿಯೊಂದರಲ್ಲೂ ಅದರ ಹೆಸರು. ಆ ಹಾಳೆಯನ್ನು ವಿಮಾನಕ್ಕೆ ಹೊದಿಸಿ ಆಟವನ್ನು ತೆರೆದಾಗ, ಸಿರಸ್ ವಿಮಾನ ಮೂಗಿನಿಂದ ಬಾಲದವರೆಗೆ ಕನ್ನಡದ ವರ್ಣಮಾಲೆಯನ್ನು ಮೈತುಂಬ ಹೊದ್ದುಕೊಂಡು ಬಜ್ಪೆಯಲ್ಲಿ ನಿಂತಿತ್ತು. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ. ಮಗಳು ಅಡುಗೆಮನೆಯಿಂದ ಓಡಿ ಬಂದಳು.

ಮುಂದಿನದು ಬರಿಯ ದುಡಿಮೆ. ವಿಮಾನದ ಸುತ್ತ ತಿರುಗಿ ನೋಡುತ್ತಾ ಅವನು ಹೇಳಿದ್ದನ್ನು ನಾನು ಬರೆದುಕೊಂಡೆ. ಬಾಗಿಲಿನ ಹಿಂದೆ ಇಂಥ ಚೌಕ, ಬಾಲದ ಬುಡದಲ್ಲಿ ಇಂಥದ್ದು, ಇಲ್ಲಿ ಅಕ್ಷರ ನೆಟ್ಟಗಿದೆ, ಅಲ್ಲಿ ಕನ್ನಡಿಯೊಳಗಿನಂತೆ ತಿರುಗಿದೆ. ನಾಲ್ಕು ದಿನಗಳಲ್ಲಿ ಎರಡು ನೋಟುಪುಸ್ತಕದ ಹಾಳೆಗಳ ತುಂಬ ನಕ್ಷೆ ಸಿದ್ಧವಾಯಿತು. ಶಾಲೆಯ ಹೆಸರು ಈಗ ಎರಡೂ ಪಕ್ಕಗಳಲ್ಲಿ ನೆಟ್ಟಗೆ ಕುಳಿತಿದೆ. ವಿಮಾನದ ಏರುಮೂಗನ್ನು ತುಸು ಹದಗೊಳಿಸಬೇಕೆಂಬ ಅವನ ಇನ್ನೊಂದು ಆಸೆ ಹಾಗೆಯೇ ಉಳಿಯಿತು. ಹಾರಾಟದ ಲೆಕ್ಕಾಚಾರ ಬೀಗದೊಳಗೇ ಇದೆ, ಅದಕ್ಕೆ ಚೌಕ ಹಾಕಿ ನೋಡುವ ಉಪಾಯ ನಮಗೆ ಹೊಳೆಯಲಿಲ್ಲ. 2024ರ ನವೆಂಬರಿನಲ್ಲಿ ಬಂದ ಹೊಸ ಆವೃತ್ತಿಯಲ್ಲಂತೂ ಬಹುಪಾಲು ಸಾಮಗ್ರಿ ನಮ್ಮ ಕಂಪ್ಯೂಟರಿಗೆ ಬಂದು ನೆಲೆಸುವುದೇ ಇಲ್ಲ, ಬೇಕಾದಾಗ ಅಂತರಜಾಲದ ಮೂಲಕ ಹರಿದುಬರುತ್ತದೆ. ಬೀಗವಿದ್ದರೂ ಕಪಾಟು ನಮ್ಮ ಮನೆಯಲ್ಲಿತ್ತೆಂಬ ಸಮಾಧಾನವೂ ಇನ್ನು ಮುಂದೆ ಹೆಚ್ಚು ದಿನ ಇರದೇನೋ.

ಹಳೆಯ ವಿದ್ಯಾರ್ಥಿ ಸಂಘದವರಿಂದ ಆ ಹುಡುಗನ ದೂರವಾಣಿ ಸಂಖ್ಯೆಯನ್ನು ಪಡೆದು ಮೊನ್ನೆ ಕರೆ ಮಾಡಿದೆ. ಹುಡುಗನೆಂದು ಬರೆದೆ. ಅವನಿಗೀಗ ಐವತ್ತೈದು. ಬೊಂಬಾಯಿಯಿಂದ ಶಾರ್ಜಾಕ್ಕೆ ಹೋಗಿ ಎ.ಸಿ. ಮೆಕ್ಯಾನಿಕ್ ಆಗಿ ಈಗ ನಾಲ್ಕು ಮಂದಿಗೆ ಕೆಲಸ ಕೊಟ್ಟಿದ್ದಾನೆ. ಹಾಳೆಯ ವಿಷಯ ಹೇಳಿದೆ, ಪೆಟ್ಟಿನ ವಿಷಯವನ್ನೂ ಹೇಳಿದೆ. ಪೆಟ್ಟಿನ ಕುರಿತು ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ಆ ಚೀಟಿ ಉಂಟಾ ಮಾಷ್ಟ್ರೇ? ಹಸಿರು ವಯರು ಎಲ್ಲಿಗೆ ಎಂದು ಬರೆದಿದ್ದೆನಾ?" ಎಂದು ಕೇಳಿದ. ಬರೆದಿದ್ದೀ ಎಂದೆ. "ಹಾಗಾದರೆ ಮುಚ್ಚಳ ಹಾಕಬೇಡಿ, ಹಾಗೇ ಇಡಿ. ಹಬ್ಬಕ್ಕೆ ಬರುವಾಗ ಬೆಸುಗೆ ಕಡ್ಡಿ ತರುತ್ತೇನೆ" ಎಂದ.

ಮಹೋತ್ಸವದ ದಿನ ಕಂಪ್ಯೂಟರ್ ಕೋಣೆಯಲ್ಲಿ ವಿಮಾನ ಹಾರುತ್ತದೆ. ಅದರ ಬಣ್ಣದ ಹಾಳೆ, 256 ಚೌಕಗಳ ಹಾಳೆ, ನಮ್ಮ ನಕ್ಷೆ ಎಲ್ಲವೂ ಬೀಗವಿಲ್ಲದೆ ಅಲ್ಲೇ ಇರುತ್ತವೆ, ಹೇಗೆ ಬಳಸಬೇಕೆಂದು ಕನ್ನಡದಲ್ಲಿ ಬರೆದ ಟಿಪ್ಪಣಿಯೂ ಇರುತ್ತದೆ. ಬೇಕಾದವರು ಪ್ರತಿ ಮಾಡಿಕೊಂಡು ಹೋಗಬಹುದು, ತಿದ್ದಬಹುದು. ಪಕ್ಕದ ಮೇಜಿನ ಮೇಲೆ ಹಿಂಬದಿ ತೆಗೆದ ರೇಡಿಯೋ ಇರುತ್ತದೆ. ಮಕ್ಕಳು ಮುಟ್ಟಿ ನೋಡುವುದಕ್ಕೆ ಅಡ್ಡಿಯಿಲ್ಲವೆಂದು ಈಗಿನ ಮುಖ್ಯೋಪಾಧ್ಯಾಯರಲ್ಲಿ ಹೇಳಿಟ್ಟಿದ್ದೇನೆ.